ಅಡುಗೆಯವನ ಚೀಲ, ಸಾಹೇಬರ ಆನೆ

ಬ್ಯಾಂಕಾಕಿನ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕವೆಂದು ನಿವೃತ್ತ ಅಧಿಕಾರಿ ಪಂಚಾಕ್ಷರಯ್ಯನವರು ಮರದ ಆನೆಗಳನ್ನು ರಾಶಿಗಟ್ಟಲೆ ಕೊಂಡರು. ಪೆಟ್ಟಿಗೆಯ ತೂಕ ವಿಮಾನದವರ ಮಿತಿ ಮೀರಿತು. ನಮ್ಮ ಪ್ರವಾಸದ ತಂಡಕ್ಕೆ ಅಡುಗೆ ಮಾಡಲು ಊರಿನಿಂದಲೇ ಬಂದಿದ್ದ ಅಡುಗೆಯವನನ್ನು ಕರೆದರು.

"ಲೋ, ಅಕ್ಕಿಬೇಳೆ ಮುಗಿದು ನಿನ್ನ ಚೀಲ ಖಾಲಿಯಾಗಿದೆಯಲ್ಲ? ಇವನ್ನು ತುಂಬಿಕೊ. ಒಲ್ಲೆ ಅಂದರೆ ಪ್ರವಾಸದ ಕಂಪನಿಗೆ ದೂರು ಕೊಡುತ್ತೇನೆ, ನಿನ್ನ ಕೆಲಸ ಹೋಯಿತು ಅಂತ ತಿಳಿ!"

"ಧಾರಾಳವಾಗಿ ಸ್ವಾಮಿ. ಆದರೆ ಇದೆಲ್ಲ ನಿನ್ನದೇನಾ ಅಂತ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಹೌದು ಅನ್ನಲೇಬೇಕು. ಸರ್ಕಾರದ ಮುಂದೆ ನನ್ನದು ಅಂದಮೇಲೆ, ಊರಿಗೆ ಬಂದು ನಿಮ್ಮದು ಅನ್ನಲಿಕ್ಕಾಗುತ್ತದೆಯೇ? ಅಧಿಕಾರಿಗಳು, ನೀವೇ ಹೇಳಿ."

ಪಂಚಾಕ್ಷರಯ್ಯನವರು ಆನೆಗಳನ್ನು ತಟ್ಟನೆ ಎದೆಗೆ ಅವುಚಿಕೊಂಡರು. ಪೆಟ್ಟಿಗೆ ಹಗುರವಾಗಲೆಂದು ತಮ್ಮ ಅಂಗಿ, ಸ್ವೆಟರು, ಕೋಟುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ವಿಮಾನ ಹತ್ತಿದರು.

ಬೆವರೊರೆಸಿಕೊಳ್ಳುತ್ತಿದ್ದ ಅವರನ್ನು ಪಕ್ಕದ ಸೀಟಿನ ಅಡುಗೆಯವನು ಬಹಳ ವಿನಯದಿಂದ ಕೇಳಿದ:

"ಚಳಿಯೇ, ಸ್ವಾಮಿ?"