ಮಾವಿನ ಬುಡದ ಬಿಳುಪು

ಬಸಲಿಂಗನೆಂಬ ಶಿಷ್ಯ ಕೇಳಿದ: “ಗುರುಗಳೇ, ಹೆಂಡತಿ ತೀರಿಹೋದಾಗಿನಿಂದ ಮಗಳನ್ನು ಎದೆಗವಚಿಕೊಂಡೇ ಇರುತ್ತೇನೆ. ಅವಳನ್ನು ತಬ್ಬಿಕೊಂಡು ಅಳದ ದಿನವಿಲ್ಲ. ಆದರೂ ಮಗು ಸೊರಗುತ್ತಿದೆ. ನನ್ನ ಪ್ರೀತಿಯಲ್ಲಿ ಏನು ಕೊರತೆ?”

ಗುರು ಹೇಳಿದರು: “ಕೊರತೆ ಅಂತ ಯಾರು ಹೇಳಿದರು ನಿನಗೆ? ಸುಮ್ಮನೆ ಕೂತು ಕೇಳು.

ಒಬ್ಬ ರೈತನ ಹಿರಿಮಗಳು ತೀರಿಕೊಂಡಳು. ಮಣ್ಣು ಮಾಡುವಾಗ ಗುಂಡಿಗೆ ಉಪ್ಪು ಹಾಕುವುದು ಅವರ ಪದ್ಧತಿ. ಉಳಿದವರು ಒಂದಿಷ್ಟು ಹಾಕುತ್ತಾರೆ. ಇವನು ಮಗಳಿಗೆ ಕಡಿಮೆಯಾಗಬಾರದೆಂದು ಚೀಲಗಟ್ಟಲೆ ಸುರಿದ. ಗುಂಡಿ ಮುಚ್ಚಿ, ಅವಳ ನೆನಪಿಗೆ ಮೇಲೊಂದು ಮಾವಿನ ಸಸಿ ನೆಟ್ಟ.

ಸಸಿ ಮಗಳ ಎತ್ತರಕ್ಕೆ ಬೆಳೆಯಿತು. ಆಮೇಲೆ ಎಲೆಯ ಅಂಚು ಸುಟ್ಟಂತಾಗಿ ನಿಂತಲ್ಲೇ ಒಣಗಿತು. ಇನ್ನೊಂದು ನೆಟ್ಟ. ಅದೂ ಅಷ್ಟೇ ಎತ್ತರಕ್ಕೆ ಬಂದು ಒಣಗಿತು. ಮಗಳಿಗೆ ಬಾಯಾರಿಕೆಯಾಗಿದೆ ಎಂದುಕೊಂಡು ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಹೊಯ್ದ.

ಬೇಸಿಗೆಯಲ್ಲಿ ಆ ಕರಿಮಣ್ಣಿನ ಮೇಲೆ ಬಿಳುಪು ಮೂಡಿತು. ಮೊದಲು ತಲೆ, ಆಮೇಲೆ ಭುಜ, ಚಾಚಿದ ಕಾಲು. ಕೆರೆದು ತೆಗೆದರೆ ಮತ್ತೆ ಮೂಡುತ್ತಿತ್ತು. ನೀರು ಹೊಯ್ದಷ್ಟೂ ಆ ಆಕಾರ ಹಿಗ್ಗುತ್ತಿತ್ತು. ಸತ್ತ ಮಗಳು ಮಣ್ಣೊಳಗೆ ದೊಡ್ಡವಳಾಗುತ್ತಿದ್ದಾಳೆ ಎಂದು ಅವನಿಗೆ ಹೆದರಿಕೆಯಾಯಿತು. ಸಂತೋಷವೂ ಆಯಿತು.

ರೈತನ ಹೆಂಡತಿ ಬಂದು ನೋಡಿದಳು. ಚಿಟಿಕೆ ಬಿಳುಪು ತೆಗೆದು ನಾಲಗೆಗೆ ಇಟ್ಟುಕೊಂಡಳು. ‘ಇದು ಉಪ್ಪು ಐತ್ರಿ. ನೀವು ಹಾಕಿದ್ದೇ. ಬೇರು ಅದಕ್ಕ ಮುಟ್ಟಿದ ಕೂಡಲೇ ಗಿಡ ಸಾಯತೈತಿ. ನೀರು ಹಾಕಿದಷ್ಟೂ ಅದು ಮ್ಯಾಲೆ ಬರತೈತಿ. ಇನ್ನ ಸಾಕು ಮಾಡ್ರಿ.’

‘ಹೆಂಗ ಬಿಡ್ಲಿ? ಅಕಿ ಎದ್ದು ಬರಾಕತ್ತಾಳ,’ ಎಂದ ರೈತ. ಮತ್ತೆ ಕೊಡ ಎತ್ತಿದ.

ಬಿಳುಪು ತೋಳು ಚಾಚಿದಂತೆ ಹರಡುತ್ತಾ ಹೊಲದ ಬದುವಿಗೆ ಬಂತು. ಅಲ್ಲಿ ಅವನ ಕಿರಿಮಗಳು ಹುಟ್ಟಿದಾಗ ನೆಟ್ಟ ಮಾವಿತ್ತು. ಆಗಲೇ ಹೂ ಬಿಟ್ಟ ಮರ. ಒಂದು ಬೆಳಿಗ್ಗೆ ನೋಡಿದರೆ ಅದರ ಎಲೆಯ ಅಂಚೂ ಸುಟ್ಟಿತ್ತು.”

ಗುರು ಕತೆ ನಿಲ್ಲಿಸಿದರು. ಬಸಲಿಂಗ ಕಣ್ಣೊರೆಸಿಕೊಳ್ಳುತ್ತಾ, “ಎಂಥ ಹುಚ್ಚ! ಅಷ್ಟೂ ತಿಳಿಯಲಿಲ್ಲವೇ ಅವನಿಗೆ?” ಎಂದ.

ಗುರು ಕೇಳಿದರು: “ದಿನವೂ ಆ ಮಗುವಿನ ನೆತ್ತಿಯ ಮೇಲೆ ನೀನು ಹನಿಸುತ್ತಿರುವ ನೀರಿನ ರುಚಿ ಯಾವುದು, ಬಸಲಿಂಗ?”