ಬಣ್ಣ ಒಣಗಲಿ, ಅತ್ತೆ

ವಾರಿಜೆಗೆ ಒಂದು ಅಭ್ಯಾಸವಿತ್ತು. ಆಶ್ರಮದ ಉಗ್ರಾಣಕ್ಕೆ ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತಿದ್ದಳು. ಬಾವಿಯವರೆಗೆ ಹೋಗಿ, ತಿರುಗಿ ಬಂದು, ಇನ್ನೊಮ್ಮೆ ಎಳೆಯುತ್ತಿದ್ದಳು. ಒಂದು ದಿನ ಅವಳು ಗುರುಗಳನ್ನು ಕೇಳಿದಳು:

“ಗುರುಗಳೇ, ಎಚ್ಚರಿಕೆಯೂ ಭಯವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನನ್ನದು ಯಾವುದು ಎಂದು ತಿಳಿಯುವುದು ಹೇಗೆ?”

ಗುರುಗಳು ಹೇಳಿದರು:

ಹಾಡು ಸಂಗ್ರಹಿಸುವವನೊಬ್ಬನಿದ್ದ. ಅವನ ಸೋದರತ್ತೆಗೆ ಬೀಸುವಾಗ ಹಾಡುವ ನಲವತ್ತು ಹಾಡುಗಳು ಬರುತ್ತಿದ್ದವು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವನು ಅವೆಲ್ಲವನ್ನೂ ಅವಳಿಂದ ಹಾಡಿಸಿ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟಿದ್ದ. ಇನ್ನೊಂದು ಪ್ರತಿ ಮಾಡಿಕೊಂಡಿರಲಿಲ್ಲ.

ಒಂದು ದಿನ ಲ್ಯಾಪ್‌ಟಾಪಿನೊಳಗೆ ಟಿಕ್ ಟಿಕ್ ಎಂದು ಸದ್ದಾಗಿ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ರಿಪೇರಿ ಅಂಗಡಿಗೆ ಒಯ್ದರೆ ‘ಎಲ್ಲ ಹೋಯಿತು’ ಎಂದುಬಿಟ್ಟರೆ? ಆನ್ ಮಾಡದೆ ಇರುವಷ್ಟು ದಿನ ಹಾಡುಗಳು ಒಳಗೆ ಇದ್ದ ಹಾಗೆಯೇ. ಹೀಗೆ ಯೋಚಿಸುತ್ತ ಮುಚ್ಚಳವನ್ನು ನೋಡಿದ. ಬಣ್ಣ ಸವೆದಿತ್ತು. ಮೊದಲು ಇದನ್ನು ಸರಿ ಮಾಡೋಣ ಎಂದುಕೊಂಡ.

ಸ್ಯಾಂಡ್‌ಪೇಪರಿನಿಂದ ಉಜ್ಜಿದ. ಕೀಲಿಮಣೆಯ ಮೇಲೆ ಟೇಪ್ ಅಂಟಿಸಿದ. ಡಬ್ಬಿಯಿಂದ ನೀಲಿ ಬಣ್ಣ ಸಿಂಪಡಿಸಿದ. ಒಂದು ಮೂಲೆಯಲ್ಲಿ ಬಣ್ಣ ಇಳಿದಿತ್ತು. ಮತ್ತೆ ಉಜ್ಜಿದ, ಮತ್ತೆ ಸಿಂಪಡಿಸಿದ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. “ಏನೋ ಮಾರಾಯ, ದಿನಾ ಬಣ್ಣ ಬಳೀತೀಯ, ಅದಕ್ಕೇನು ಮದುವೆ ಗೊತ್ತಾಗಿದ್ಯಾ? ನಾನು ಹಾಡಿದ್ದು ಒಂದ್ಸಲ ಕೇಳಿಸೋ. ತವರಿನ ಹಾಡಲ್ಲಿ ಮೂರನೇ ಸಾಲು ನೆನಪಿಗೇ ಬರ್ತಿಲ್ಲ.”

“ಬಣ್ಣ ಒಣಗಲಿ, ಅತ್ತೆ.”

“ಒಣಗಲಿ ಬಿಡು. ಅಷ್ಟರಲ್ಲಿ ನಾನೇ ಒಣಗದಿದ್ರೆ ಸಾಕು” ಎಂದು ನಕ್ಕು ಹೋದಳು.

ಇನ್ನೊಮ್ಮೆ ಹಾಡು ಎಂದು ಅವಳನ್ನು ಕೇಳಬಹುದಿತ್ತು. ಕೇಳಿದರೆ ಹಾಡುಗಳು ಹೋದವು ಎಂದು ತಾನೇ ಒಪ್ಪಿಕೊಂಡಂತೆ. ಅವನು ಕೇಳಲಿಲ್ಲ.

ಅತ್ತೆ ಜಗಲಿಯಲ್ಲಿ ಅಕ್ಕಿ ಕೇರುತ್ತ ಗುನುಗುತ್ತಿದ್ದಳು. ಕೇರುವ ದೂಳು ಹಸಿ ಬಣ್ಣಕ್ಕೆ ಕೂತೀತೆಂದು ಅವನು ಬಾಗಿಲು ಹಾಕಿಕೊಂಡ. ಮೊದಲ ವಾರ ಬಾಗಿಲಾಚೆ ಎರಡು ಸಾಲು ಕೇಳಿಸುತ್ತಿತ್ತು. ಆಮೇಲೆ ಒಂದು ಸಾಲು.

ಒಂದು ಬೆಳಿಗ್ಗೆ ಬಣ್ಣದಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ. ಟೇಪ್ ಬಿಡಿಸಿದ. ಆನ್ ಮಾಡುವ ಗುಂಡಿಯ ಹತ್ತಿರ ಹೋದ ಬೆರಳು ಪಕ್ಕಕ್ಕೆ ಜಾರಿತು. ಅಲ್ಲಿ ಬಣ್ಣ ಪೂರ್ತಿ ಒಣಗಿರಲಿಲ್ಲ, ಬೆರಳಿನ ಗುರುತು ಬಿತ್ತು. ಅದನ್ನು ಕಂಡು ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಸಮಾಧಾನವನ್ನು ಕಂಡೇ ಅವನು ಹೆದರಿದ.

ಆಗ ಬಾಗಿಲಾಚೆ ಅತ್ತೆಯ ದನಿ ಕೇಳಿಸಿತು. ರಾಗವಿತ್ತು. ಮಾತು ಒಂದೂ ಇರಲಿಲ್ಲ.

ಅವನು ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ವಾರಿಜೆ ಕೇಳಿದಳು:

“ಲ್ಯಾಪ್‌ಟಾಪ್ ಆನ್ ಆಯಿತೇ, ಗುರುಗಳೇ? ದಯವಿಟ್ಟು ಅದೊಂದು ಹೇಳಿ.”

“ಅತ್ತೆ ಬಾಗಿಲಾಚೆಯೇ ಇದ್ದಳು. ಅವನು ಬಾಗಿಲು ತೆಗೆದನೇ ಎಂದು ನೀನೂ ಕೇಳಲಿಲ್ಲ” ಎಂದರು ಗುರುಗಳು.