ನೆಲ ಬಿಡದ ವಿಮಾನ

"ಬುದ್ಧೀ, ಇಬ್ಬರಲ್ಲಿ ಕಳ್ಳ ಯಾರೆಂದು ಕಂಡುಹಿಡಿಯುವುದು ಹೇಗೆ?" ಎಂದು ಗುರುಪಾದ ಸ್ವಾಮಿಗಳನ್ನು ಕೇಳಿದ.

ಮಠದ ಉಗ್ರಾಣ ಅವನ ವಶದಲ್ಲಿತ್ತು. ತುಪ್ಪ ಒಂದು ಸೇರು ಕಡಿಮೆ ಬಂದಂತೆ ಅವನಿಗೆ ಕಂಡಿತ್ತು. ಅವನಿಗೆ ಅಡುಗೆಯವನ ಮೇಲೂ ನೀರು ತರುವವನ ಮೇಲೂ ಅನುಮಾನ, ಅವರಿಗೆ ಇವನ ಮೇಲೆ. ಈಗ ಉಗ್ರಾಣದ ಬಾಗಿಲಿಗೆ ಮೂರು ಬೀಗ. ಒಂದು ಅವನದು, ಒಂದು ಅಡುಗೆಯವನದು, ಇನ್ನೊಂದು ನೀರು ತರುವವನದು. ಮೂರೂ ಬೀಗದ ಕೈ ಒಂದೆಡೆ ಸೇರುವ ಹೊತ್ತಿಗೆ ಆ ದಿನ ದಾಸೋಹಕ್ಕೆ ಬಂದವರು ಹಸಿದೇ ಎದ್ದು ಹೋಗಿದ್ದರು.

ಸ್ವಾಮಿಗಳು ಪೂರ್ವಾಶ್ರಮದಲ್ಲಿ ವಿಮಾನ ಕಾರ್ಖಾನೆಯಲ್ಲಿದ್ದವರು, ರಷ್ಯಾಕ್ಕೂ ಹೋಗಿಬಂದವರು. ಅವರು ಒಂದು ಕತೆ ಹೇಳಿದರು.

ರಷ್ಯಾ ದೇಶದಲ್ಲಿ ಒಬ್ಬ ವಿಮಾನ ವಿನ್ಯಾಸಕಾರನಿದ್ದ. ಗೋಡೆಗೂ ಕಿವಿಯಿದ್ದ ಕಾಲ ಅದು. ಅವನಿಗಿಂತ ಮೊದಲಿದ್ದ ಮುಖ್ಯಸ್ಥ ಮಾಡಿಸಿದ ಪ್ರಯಾಣಿಕರ ವಿಮಾನದ ರೆಕ್ಕೆ ಆಕಾಶದಲ್ಲಿ ಮುರಿದಿತ್ತು. ಮುರಿದದ್ದಲ್ಲ, ಬೇಕೆಂದೇ ಮುರಿಯುವಂತೆ ಮಾಡಿದ್ದು ಎಂದು ಸರ್ಕಾರದವರು ಆತನನ್ನು ಹಿಡಿದೊಯ್ದರು. ಆತ ಮರಳಿ ಬರಲಿಲ್ಲ. ಆತನ ಕುರ್ಚಿ ಇವನಿಗೆ ಬಂತು. ಎದುರಿಗೆ ಇನ್ನೊಂದು ಕುರ್ಚಿ ಹಾಕಿ, ಕಾವಲಿಗೆ ಒಬ್ಬ ಅಧಿಕಾರಿಯನ್ನೂ ಕೂರಿಸಿದರು. ಈ ಸಲ ಮಾಡಬೇಕಾದದ್ದು ಯುದ್ಧವಿಮಾನ.

ನಕ್ಷೆ ಬರೆಯುವವನೊಬ್ಬ ಒಂದು ಬೋಲ್ಟ್ ಬರೆದ. ನಾಳೆ ಮುರಿದರೆ ನನ್ನನ್ನೇ ಎಳೆದೊಯ್ಯುತ್ತಾರೆ ಎಂದು ಅದನ್ನು ಕೂದಲೆಳೆಯಷ್ಟು ಹೆಚ್ಚು ದಪ್ಪ ಮಾಡಿದ. ಮೊದಲೇಕೆ ತೆಳ್ಳಗಿತ್ತು ಎಂದು ಕೇಳಿಯಾರೆಂದು ಯಾರಿಗೂ ಹೇಳಲಿಲ್ಲ. ಅವನ ಮೇಲಿನವನಿಗೆ ಅವನ ಮೇಲೇ ಅನುಮಾನ. ಆತ ಇನ್ನೊಂದು ಕೂದಲೆಳೆ ಸೇರಿಸಿದ. ತಗಡು ಕತ್ತರಿಸುವವನು ಇಬ್ಬರನ್ನೂ ನಂಬದೆ ದಪ್ಪ ತಗಡನ್ನೇ ಆರಿಸಿಕೊಂಡ. ಅಧಿಕಾರಿಯೋ, ಒಂದು ಬೋಲ್ಟ್ ಇದ್ದಲ್ಲಿ ಎರಡು ಹಾಕಿಸಿದ. ಹನಿಗೂಡಿ ಹಳ್ಳವಾಯಿತು.

ಹಾರಿಸುವ ಮೊದಲು ವಿಮಾನವನ್ನು ತೂಗುವುದು ಅಲ್ಲಿಯ ಪದ್ಧತಿ. ಹೆಚ್ಚು ಬಂದರೆ ತೂಗಿದವನೇ ಸಿಕ್ಕಿಬೀಳುತ್ತಾನೆಂದು ಯಾರೂ ತೂಗಲಿಲ್ಲ. ಮೊದಲ ಲೆಕ್ಕದ ತೂಕವನ್ನೇ ಬರೆದು ರುಜು ಹಾಕಿದರು. ವಿನ್ಯಾಸಕಾರನೂ ಹಾಕಿದ.

ವಿಮಾನ ಬಯಲಿನ ತುದಿಯವರೆಗೆ ಓಡಿತು. ನೆಲ ಬಿಡಲಿಲ್ಲ. ಗೋಧಿ ಹೊಲಕ್ಕೆ ನುಗ್ಗಿ ಮೂಗು ಊರಿ ನಿಂತಿತು. ಚಾಲಕನ ಎರಡೂ ಕಾಲು ಮುರಿದವು.

"ಇದನ್ನು ಭಾರ ಮಾಡಿದ ದ್ರೋಹಿ ಯಾರು? ವಾರದೊಳಗೆ ಒಂದು ಹೆಸರು ಕೊಡು. ಇಲ್ಲದಿದ್ದರೆ ನಿನ್ನ ಹೆಸರನ್ನೇ ಬರೆದುಕೊಳ್ಳುತ್ತೇನೆ" ಎಂದ ಅಧಿಕಾರಿ. ಕುಂಬಳಕಾಯಿ ಕಳ್ಳ ಎಂದದ್ದೇ ತಡ, ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು.

ತಗಡು ಕತ್ತರಿಸುವವನ ಮೇಲೆ ವಿನ್ಯಾಸಕಾರನಿಗೆ ಮೊದಲಿನಿಂದಲೂ ಅನುಮಾನ. ಆ ಹೆಸರು ಕೊಟ್ಟುಬಿಟ್ಟರೆ ತಾನು ಉಳಿಯುತ್ತೇನೆ ಎನಿಸಿತು. ಆದರೂ ಖಾತ್ರಿಯಾಗಲಿ ಎಂದು ವಿಮಾನ ಬಿಚ್ಚಿಸಿ ಒಂದೊಂದೇ ಭಾಗ ತೂಗಿಸಿದ. ಪ್ರತಿಯೊಂದೂ ಮೊದಲ ಲೆಕ್ಕಕ್ಕಿಂತ ತುಸು ಭಾರ. ಅದನ್ನು ಮಾಡಿದವರ ಹೆಸರು ಬರೆಯುತ್ತ ಹೋದ. ಕೊನೆಗೆ ರೆಕ್ಕೆಯ ತೊಲೆ ಬಂತು. ಅದು ಎಲ್ಲಕ್ಕಿಂತ ಹೆಚ್ಚು ಭಾರವಾಗಿತ್ತು. ಕೆಳಗಿನವರು ಮೋಸ ಮಾಡಿದ್ದರೂ ಇರಲಿ ಎಂದು ಅದನ್ನು ಸದ್ದಿಲ್ಲದೆ ದಪ್ಪ ಮಾಡಿಸಿದವನು ಅವನೇ. ಅವನಿಗೆ ನಾಚಿಕೆಯಾಯಿತು.

ಹಾಳೆಯನ್ನು ಅಧಿಕಾರಿಯ ಕೈಗಿತ್ತ. ಮೇಲೆ ತನ್ನ ಹೆಸರನ್ನು ಬರೆದಿದ್ದ. ಎಲ್ಲರ ಹೆಸರಾದ ಮೇಲೆ, ಕೊನೆಯಲ್ಲಿ, ಅಧಿಕಾರಿಯ ಹೆಸರಿತ್ತು. ಅಧಿಕಾರಿ ಓದಿ ಮುಗಿಸಿದ. ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಇದನ್ನು ಬೇರೆ ಯಾರಾದರೂ ನೋಡಿದ್ದಾರೆಯೇ?"

"ಇಲ್ಲ."

ಹಾಳೆ ಒಲೆಗೆ ಹೋಯಿತು. ಅಧಿಕಾರಿ ಮತ್ತೆ ಹೆಸರು ಕೇಳಲಿಲ್ಲ. ಮರುದಿನ ವಿನ್ಯಾಸಕಾರ ಎಲ್ಲರೆದುರು ತೊಲೆಯ ನಕ್ಷೆಯನ್ನು ತನ್ನ ಕೈಯಾರೆ ತಿದ್ದಿದ. ಅದನ್ನು ಕಂಡು ಉಳಿದವರೂ ಒಬ್ಬೊಬ್ಬರಾಗಿ ರಬ್ಬರು ಕೈಗೆತ್ತಿಕೊಂಡರು. ಮರುವರ್ಷ ವಿಮಾನ ಹಾರಿತು.

ಗುರುಪಾದನಿಗೆ ಸಮಾಧಾನವಾಗಲಿಲ್ಲ. "ಅದು ಸರಿ ಬುದ್ಧೀ, ನಮ್ಮ ತುಪ್ಪದ ಕಳ್ಳ?"

ಸ್ವಾಮಿಗಳು ಕೇಳಿದರು: "ಆ ಬಾಗಿಲಿಗೆ ಮೊದಲ ಬೀಗ ಹಾಕಿದವನು ಯಾರು, ಗುರುಪಾದ?"

ಗುರುಪಾದ ಸೊಂಟದಿಂದ ತನ್ನ ಬೀಗದ ಕೈ ಬಿಚ್ಚಿಕೊಂಡು ಉಗ್ರಾಣದತ್ತ ನಡೆದ.